ಫ್ಯಾನ್ ಬಂಗ್ಲೆ: ಗಾಳೀಲಿ ನೀರೆತ್ತೋ ಹಳೇ ಮನೇನ ಉಳಿಸ್ಕೊಂಡ ನನ್ನ ಅನುಭವ

ಗುಜರಿಯವ್ನು ನಮ್ಮನೆ ಗಾಳಿ ಚಕ್ರದ ಟವರ್ ಕೆಳಗೆ ನಿಂತು ಮೇಲೆ ನೋಡಿ, ಕಾಲಿನ ಆಂಗಲ್ ಮೇಲೆ ಒಂದು ಕಲ್ಲು ತಗೊಂಡು ಎರಡು ಸಲ ತಟ್ಟಿ, "ಕೆಜಿ ಲೆಕ್ಕದಲ್ಲಿ ತಗೊಂತೀನಿ ಸ್ವಾಮಿ, ಬಿಚ್ಚೋ ಖರ್ಚು ನಂದೇ" ಅಂದ. ದೊಡ್ಡಪ್ಪ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ರು, ಅವ್ರಿಗೆ ರೇಟು ಸರಿ ಅನ್ಸಿತ್ತು. 2021ರ ಸಂಕ್ರಾಂತಿ ಸಮಯ, ನಾನು ಬೆಂಗಳೂರಿಂದ ರಜಾ ಹಾಕಿ ಬಂದಿದ್ದೆ, ಹದಿನಾಲ್ಕು ವರ್ಷ ಪಂಪ್ ಸರ್ವಿಸ್ ಕೆಲ್ಸ ಮಾಡ್ದವ್ನು ನಾನು, ನೂರಾರು ಬೋರ್‌ವೆಲ್ ಮೋಟ್ರು ಎತ್ತಿ ಇಳ್ಸಿದೀನಿ, ಆದ್ರೆ ನಮ್ಮನೇದೇ ಪಂಪು ಹೆಂಗೆ ಕೆಲ್ಸ ಮಾಡ್ತಿತ್ತು ಅಂತ ಒಂದಿನಾನೂ ಹತ್ತಿ ನೋಡಿರ್ಲಿಲ್ಲ. ಅವತ್ತು ಆ ಕಲ್ಲಿನ ಸದ್ದಿಗೆ ಹೊಟ್ಟೆ ಉರೀತು. "ದೊಡ್ಡಪ್ಪಾ, ಒಂದು ವರ್ಷ ಟೈಮ್ ಕೊಡಿ, ಆಮೇಲೆ ನಿಮ್ಮಿಷ್ಟ" ಅಂತ ಕೇಳ್ಕೊಂಡೆ. ಒಂದು ವರ್ಷ ಅಂದಿದ್ದು ಮೂರು ವರ್ಷ ಆಯ್ತು, ಅದು ಬೇರೆ ವಿಷ್ಯ.

ನಮ್ಮನೆ ಇರೋದು ಹಿರಿಯೂರು ಕಡೆ, ಊರಿಂದ ಸ್ವಲ್ಪ ಆಚೆ. ಕಲ್ಲಿನ ಪಾಯ, ಇಟ್ಟಿಗೆ ಗಾರೆ ಗೋಡೆ, ಮುಂದೆ ಉದ್ದಕ್ಕೆ ಜಗಲಿ, ಮಂಗಳೂರು ಹೆಂಚಿನ ಮಾಡು, ನಡುಮನೆ ಮೇಲೆ ಮಾತ್ರ ಮದ್ರಾಸ್ ತಾರಸಿ, ಅಂದ್ರೆ ಮರದ ತೊಲೆ ಮೇಲೆ ಇಟ್ಟಿಗೆ ಗಾರೆ ಹಾಕಿದ ಚಪ್ಪಟೆ ಮಾಡು. ಇಂಥ ಬಂಗ್ಲೆ ಚಿತ್ರದುರ್ಗ ದಾವಣಗೆರೆ ಕಡೆ ಹತ್ತಿ ವ್ಯಾಪಾರ ಮಾಡ್ದವ್ರದ್ದು ಇನ್ನೂ ಕೆಲವು ಇವೆ, ಅದ್ರಲ್ಲಿ ನಮ್ದು ದೊಡ್ಡದೂ ಅಲ್ಲ ಚೆಂದದ್ದೂ ಅಲ್ಲ. ಆದ್ರೆ ಹಿತ್ಲಲ್ಲಿ ಬಾವಿ ಮೇಲೆ ಮೂವತ್ತು ಅಡಿ ಕಬ್ಬಿಣದ ಟವರು, ಅದ್ರ ತುದೀಲಿ ಎಂಟಡಿ ಅಗಲದ ಗಾಳಿ ಚಕ್ರ, ಹದಿನೆಂಟು ತಗಡಿನ ರೆಕ್ಕೆ, ಹಿಂದೆ ಒಂದು ಬಾಲ. ಅದಕ್ಕೇ ಊರಲ್ಲಿ ಎಲ್ರೂ ಫ್ಯಾನ್ ಬಂಗ್ಲೆ ಅಂತಾನೇ ಕರೆಯೋದು, ಮುತ್ತಜ್ಜ ಇಟ್ಟಿದ್ದ ಹೆಸ್ರು ಗೇಟಿನ ಕಲ್ಲಲ್ಲಿ ಕೆತ್ತಿದ್ರೂ ಯಾರಿಗೂ ಗೊತ್ತಿಲ್ಲ. ಬಸ್ ಕಂಡಕ್ಟ್ರಿಗೂ "ಫ್ಯಾನ್ ಬಂಗ್ಲೆ ಹತ್ರ ನಿಲ್ಸಿ" ಅಂದ್ರೆ ಸಾಕಿತ್ತು.

ಮೊದಲ್ನೇ ಆರು ತಿಂಗ್ಳು ನಾನು ಒಂದು ಬೋಲ್ಟೂ ಬಿಚ್ಚಲಿಲ್ಲ. ಇದನ್ನ ಒತ್ತಿ ಹೇಳ್ತೀನಿ, ಹಳೇ ಮನೆ ಅಂದ ತಕ್ಷಣ ಜನ ಪೇಂಟು ಡಬ್ಬಿ ಹಿಡ್ಕೊಂಡು ಬರ್ತಾರೆ, ಅಲ್ಲೇ ಕೆಡೋದು. ನಾನು ಮಾಡಿದ್ದು ಟೇಪು, ಒಂದು ಉದ್ದ ನೋಟ್‌ಬುಕ್, ಫೋನಿನ ಕ್ಯಾಮೆರಾ ಇಟ್ಕೊಂಡು ನೀರಿನ ಪೈಪ್ ಹೋದ ದಾರಿ ಹಿಡಿದು ಹೊರಟಿದ್ದು. ಬಾವಿಯಿಂದ ಮೇಲೆ ಬಂದ ಪೈಪು ಟವರ್ ಕಾಲಿನ ಪಕ್ಕದಿಂದ ಬಚ್ಚಲುಮನೆ ಕಡೆ ತಿರುಗುತ್ತೆ. ಬಚ್ಚಲುಮನೆ ಗೋಡೆ ಮಾತ್ರ ಯಾಕೆ ಎರಡಡಿ ದಪ್ಪ ಅಂತ ಚಿಕ್ಕ ಹುಡುಗ್ರಾಗಿದ್ದಾಗ ನಾವು ಕೇಳ್ತಿದ್ವಿ, ತಾತ "ಕಳ್ಳರು ಬರ್ಬಾರ್ದು ಅಂತ" ಅನ್ತಿದ್ರು. ನಿಜ ಕಾರಣ ಅದ್ರ ಮೇಲೆ ಕೂತಿರೋ ರಿವೆಟ್ ಹೊಡೆದ ಕಬ್ಬಿಣದ ಟ್ಯಾಂಕು: ಆರಡಿ ಉದ್ದ, ಐದಡಿ ಅಗಲ, ನಾಲ್ಕಡಿ ಎತ್ತರ, ತುಂಬಿದ್ರೆ ಹತ್ತತ್ರ 3400 ಲೀಟರು, ಅಂದ್ರೆ ಮೂರೂವರೆ ಟನ್ ತೂಕ ತಲೆ ಮೇಲೆ. ಅಲ್ಲಿಂದ ಒಂದು ಪೈಪು ಸೀದಾ ತಾಮ್ರದ ಹಂಡೆ ಮೇಲಿನ ನಲ್ಲಿಗೆ, ಇನ್ನೊಂದು ಅಡುಗೆಮನೆ ಮೋರಿ ಕಟ್ಟೆಗೆ, ಟ್ಯಾಂಕು ತುಂಬಿ ಹೆಚ್ಚಾಗಿದ್ದು ಹಿತ್ಲಲ್ಲಿರೋ ಕಲ್ಲುಬಾನಿಗೆ, ಬಾನಿ ತುಂಬಿದ್ರೆ ಕಾಲುವೆ ಥರ ಕಟ್ಟಿರೋ ಚಪ್ಪಡಿ ದಾರೀಲಿ ತೆಂಗಿನ ಬುಡಕ್ಕೆ. ಅಂದ್ರೆ ಗಾಳಿ ಜಾಸ್ತಿ ಬೀಸಿದ ದಿನದ ನೀರು ಒಂದು ಹನೀನೂ ಹಾಳಾಗ್ತಿರ್ಲಿಲ್ಲ, ಮೊದ್ಲು ಜನಕ್ಕೆ, ಆಮೇಲೆ ದನಕ್ಕೆ, ಕೊನೇಲಿ ಮರಕ್ಕೆ.

ಅವತ್ತು ರಾತ್ರಿ ನೋಟ್‌ಬುಕ್ಕಲ್ಲಿ ನಕ್ಷೆ ಬರೀತಾ ಕೂತಾಗ ನನಗೆ ಹೊಳೆದಿದ್ದು ಏನಂದ್ರೆ, ನಾವು ಇದುವರೆಗೂ ಬಂಗ್ಲೆ ಬೇರೆ ಫ್ಯಾನ್ ಬೇರೆ ಅಂದ್ಕೊಂಡಿದ್ವಿ, ಅದೇ ತಪ್ಪು. ಬಾವಿ, ಟವರು, ಟ್ಯಾಂಕು, ಬಚ್ಚಲು, ಬಾನಿ, ತೆಂಗು ಇದೆಲ್ಲ ಸೇರಿ ಒಂದೇ ವಸ್ತು. ಅದೇ ಹೊತ್ತಿಗೆ ಒಂದು ರೆಸಾರ್ಟ್‌ನವ್ರು ಟವರ್ ಮತ್ತೆ ಚಕ್ರ ಮಾತ್ರ ಕೊಡಿ, ನಮ್ಮ ಲಾನಲ್ಲಿ ನಿಲ್ಲಿಸ್ತೀವಿ, ಗುಜರಿಗಿಂತ ನಾಲ್ಕು ಪಟ್ಟು ಕೊಡ್ತೀವಿ ಅಂತ ಬಂದ್ರು. ಗುಜರಿಗೆ ಹೋಗೋದ್ಕಿಂತ ಅದು ವಾಸಿ ಅಂತ ಮನೇಲಿ ಎಲ್ರಿಗೂ ಅನ್ಸಿತ್ತು. ನಾನು ಆಗಲ್ಲ ಅಂತ ಪಟ್ಟು ಹಿಡಿದೆ. ಲಾನಲ್ಲಿ ನಿಂತ್ರೆ ಅದು ಬರೀ ಅಲಂಕಾರ, ನಮ್ಮ ಎರಡಡಿ ಗೋಡೆ ಬರೀ ದಪ್ಪ ಗೋಡೆ, ಎರಡೂ ಕಡೆ ಅರ್ಥ ಸತ್ತೋಗುತ್ತೆ.

ಇನ್ನು ಕಾಲ ಯಾವ್ದು ಅನ್ನೋ ಪ್ರಶ್ನೆ. ಮನೇಲಿ ಎಲ್ರೂ ನಂಬಿದ್ದು ಬಂಗ್ಲೆ ಕಟ್ಟಿದಾಗ್ಲೇ ಫ್ಯಾನೂ ಹಾಕಿದ್ದು ಅಂತ. ಸೋರೋ ಜಾಗದಲ್ಲಿ ಹೆಂಚು ತೆಗೆದು ತಿರುಗಿಸಿ ನೋಡಿದ್ರೆ ಕಾಮನ್‌ವೆಲ್ತ್ ಅನ್ನೋ ಮುದ್ರೆ ಇತ್ತು. ಮಂಗಳೂರಿನ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ 1865ರಲ್ಲಿ ಶುರುವಾಗಿದ್ದು, ಮೊದಲ ಮಹಾಯುದ್ಧ ಆದ್ಮೇಲೆ ಅದು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋಯ್ತು, ಹಂಗಾಗಿ ನಮ್ಮ ಮಾಡು ಇಪ್ಪತ್ತರ ದಶಕಕ್ಕಿಂತ ಹಿಂದಿನದು ಇರೋಕೆ ಸಾಧ್ಯ ಇಲ್ಲ, ತಾತ ಹೇಳ್ತಿದ್ದ ಲೆಕ್ಕಕ್ಕೂ ಅದು ಸರಿ ಹೋಗುತ್ತೆ. ಆದ್ರೆ ಟವರ್ ಹತ್ತಿ ಗೇರ್ ಕೇಸಿನ ಮೇಲಿನ ಕೊಳೆ ಒರೆಸಿದಾಗ ಎರಕದಲ್ಲೇ ಎದ್ದು ನಿಂತಿದ್ದ ಅಂಕೆ 702. ಇದು ಶಿಕಾಗೋದ ಏರ್‌ಮೋಟರ್ ಕಂಪನಿ ಮಾಡಿದ್ದು. ಆ ಕಂಪನಿ ಶುರುವಾಗಿದ್ದು 1888ರಲ್ಲಿ, ಗೇರೆಲ್ಲ ಎಣ್ಣೆಲಿ ಮುಳುಗಿ ತಾನೇ ಎಣ್ಣೆ ಹಾಕ್ಕೊಳ್ಳೋ ಮಾದರಿ ತಂದಿದ್ದು 1915ರಲ್ಲಿ, 702 ಅನ್ನೋ ಮಾದರಿ ಬಂದಿದ್ದು 1933ರಲ್ಲಿ. ಅಂದ್ರೆ ಬಂಗ್ಲೆಗಿಂತ ಫ್ಯಾನು ಹತ್ತು ವರ್ಷ ಆದ್ರೂ ಚಿಕ್ಕದು! ಆಮೇಲೆ ಅಟ್ಟದ ಮೇಲಿನ ಕಿರ್ದಿ (ಲೆಕ್ಕದ) ಪುಸ್ತಕಗಳನ್ನೆಲ್ಲ ಇಳಿಸಿ ಧೂಳು ಹೊಡೆದು ಒಂದೊಂದೇ ಪುಟ ನೋಡಿದೆ, 1936ರದ್ದರಲ್ಲಿ ಸಿಕ್ತು: "ಗಾಳಿ ಯಂತ್ರ ಬಾಬ್ತು, ಗಾಡಿ ಬಾಡಿಗೆ, ಕೂಲಿ". ಎತ್ತಿನ ಗಾಡಿ ನಾಲ್ಕು ಅಂತ ಬರೆದಿದೆ. ಬಚ್ಚಲುಮನೆ ಇಟ್ಟಿಗೆ ಸೈಜು ಮನೆ ಇಟ್ಟಿಗೆಗಿಂತ ಅರ್ಧ ಇಂಚು ಸಣ್ಣ ಯಾಕೆ ಅನ್ನೋದೂ ಅವತ್ತೇ ಗೊತ್ತಾಯ್ತು, ಫ್ಯಾನ್ ಬಂದ್ಮೇಲೆ ಹಳೇ ಬಚ್ಚಲು ಕೆಡವಿ ಟ್ಯಾಂಕಿಗೋಸ್ಕರ ಹೊಸದು ಕಟ್ಸಿದಾರೆ.

ಇದ್ರಿಂದ ಬೆಲೆ ಕಮ್ಮಿ ಆಯ್ತು ಅಂತ ಚಿಕ್ಕಪ್ಪ ಅಂದ್ರು. ನನಗೆ ಜಾಸ್ತಿ ಆಯ್ತು ಅನ್ಸುತ್ತೆ. ಯಾಕಂದ್ರೆ ನಮ್ಮ ಮೈಸೂರು ಸೀಮೇಲಿ ಕರೆಂಟಿನ ಕಥೆ ಹೇಳೋವಾಗ ಎಲ್ರೂ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಲೈನ್ ಎಳೆದಿದ್ದು, 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿದ್ದು ಹೇಳ್ತಾರೆ, ಅಲ್ಲಿಂದ ಸೀದಾ ಹಳ್ಳೀಗೆ ಪಂಪ್‌ಸೆಟ್ ಬಂತು ಅಂತ ಜಿಗೀತಾರೆ. ನಮ್ಮಪ್ಪ ಹೇಳೋ ಪ್ರಕಾರ ನಮ್ಮನೇಲಿ ದೀಪ ಹತ್ತಿದ್ದೇ ಐವತ್ತರ ದಶಕದಲ್ಲಿ. ಮಧ್ಯದ ಅಷ್ಟು ವರ್ಷ ಜನ ಏನ್ ಮಾಡ್ತಿದ್ರು? ಕಪಿಲೆ ಹೊಡೀತಿದ್ರು, ಏತ ತುಳೀತಿದ್ರು, ರಾಟೆ ಹಗ್ಗದಲ್ಲಿ ಸೇದ್ತಿದ್ರು. ಮಾರಿಕಣಿವೆ ಅಣೆಕಟ್ಟು 1907ಕ್ಕೇ ಮುಗಿದಿದ್ರೂ ಅದ್ರ ನಾಲೆ ನೀರು ತಗ್ಗಿನ ಹೊಲಕ್ಕೆ, ನಮ್ಮ ದಿನ್ನೆ ಮೇಲಿನ ಮನೆಗೆ ಅಲ್ಲ. ಮಳೆ ಕಮ್ಮಿ ಇರೋ ಸೀಮೆ, ಆದ್ರೆ ಗಾಳಿಗೆ ಮಾತ್ರ ಬರ ಇಲ್ಲ. ಅದನ್ನ ನೋಡಿ ಯಾರೋ ಒಬ್ರು ಗಾಳೀನ ಬಚ್ಚಲ ಹಂಡೆವರೆಗೂ ತಂದ್ರಲ್ಲ, ಆ ಮಧ್ಯದ ಪುಟಕ್ಕೆ ನಮ್ಮನೆ ಸಾಕ್ಷಿ. ಇವತ್ತು ಚಿತ್ರದುರ್ಗದ ಗುಡ್ಡದ ಸಾಲಲ್ಲಿ ದೊಡ್ಡ ದೊಡ್ಡ ವಿಂಡ್‌ಮಿಲ್ ತಿರುಗೋದನ್ನ ನೋಡ್ಕೊಂಡು ಹೈವೇಲಿ ಹೋಗೋ ಎಲ್ರಿಗೂ ಗಾಳಿ ಶಕ್ತಿ ಅಂದ್ರೆ ಹೊಸದು ಅನ್ಸುತ್ತೆ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವ್ರು ಅರವತ್ತರ ದಶಕದಲ್ಲೇ ನೀರೆತ್ತೋ ವಿಂಡ್‌ಮಿಲ್ ವಿನ್ಯಾಸ ಮಾಡಿದ್ರು, ಅದಕ್ಕೂ ಮುಂಚೆ ನಮ್ಮ ಹಿತ್ಲಲ್ಲಿ ಒಂದು ತಿರುಗ್ತಿತ್ತು.

ಈಗ ನನ್ನಿಂದ ಆದ ಒಂದು ತಪ್ಪು ಹೇಳ್ಲೇಬೇಕು. ಬಾಲದ ತಗಡು ಮೊದ್ಲು ಕೆಳಗಿಳಿಸಿದ್ವಿ. ತುಕ್ಕು, ಹಕ್ಕಿ ಹಿಕ್ಕೆ, ಹಳೇ ಅಲ್ಯೂಮಿನಿಯಂ ಪೇಂಟು ಮೆತ್ಕೊಂಡಿತ್ತು. ನಾನು ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಎಡಗಡೆಯಿಂದ ತಿಕ್ತಾ ಬಂದೆ. ಅರ್ಧ ದಾಟಿದ ಮೇಲೆ ಬಿಸ್ಲು ಓರೆಯಾಗಿ ಬಿದ್ದಾಗ ಬಲಗಡೆ ಪೇಂಟಿನ ಕೆಳಗೆ ಅಕ್ಷರದ ನೆರಳು ಕಾಣಿಸ್ತು, ಶಿಕಾಗೋ ಅನ್ನೋ ಇಂಗ್ಲಿಷ್ ಪದದ ಕೊನೇ ಮೂರಕ್ಷರ, ಅದ್ರ ಕೆಳಗೆ ಸಣ್ಣದಾಗಿ ಇನ್ನೊಂದು ಸಾಲಿನ ತುದಿ, ಬಹುಶಃ ಇಲ್ಲಿ ಮಾರಿದ ಏಜೆಂಟನ ಹೆಸ್ರು. ಎದೆ ಧಸಕ್ ಅಂತು. ಎಡಗಡೆಯದು ಅಷ್ಟೂ ಹೋಗಿತ್ತು, ನಾನೇ ಅಳಿಸಿದ್ದೆ. ಆ ಏಜೆಂಟ್ ಬೊಂಬಾಯಿಯವನಾ ಮದ್ರಾಸಿನವನಾ, ಯಾವ ದಾರೀಲಿ ಇದು ನಮ್ಮೂರಿಗೆ ಬಂತು ಅನ್ನೋ ಒಂದೇ ಒಂದು ಸಾಕ್ಷಿ ಎಂಬತ್ತು ವರ್ಷ ಮಳೆ ಬಿಸ್ಲು ತಡ್ಕೊಂಡು ನನ್ನ ಬ್ರಷ್ಷಿಗೆ ಹತ್ತು ನಿಮಿಷದಲ್ಲಿ ಹೋಯ್ತು. ಎರಡು ದಿನ ಯಾರ ಹತ್ರಾನೂ ಸರಿಯಾಗಿ ಮಾತಾಡೋಕೆ ಆಗ್ಲಿಲ್ಲ. ಉಳಿದ ಅರ್ಧ ಹಂಗೇ ಬಿಟ್ಟಿದೀನಿ, ಮೇಲೆ ಬಣ್ಣ ಇಲ್ಲದ ಲ್ಯಾಕರ್ ಮಾತ್ರ. ಹಳೇ ತಗಡು ಯಾರ್ ಕ್ಲೀನ್ ಮಾಡೋದಿದ್ರೂ ಮೊದ್ಲು ಸಂಜೆ ಓರೆ ಬಿಸ್ಲಲ್ಲಿ ಅಥವಾ ರಾತ್ರಿ ಟಾರ್ಚನ್ನ ತಗಡಿಗೆ ಸಮನಾಗಿ ಹಿಡಿದು ನೋಡಿ, ಒದ್ದೆ ಬಟ್ಟೆಯಿಂದ ಶುರು ಮಾಡಿ, ಮಷೀನ್ ಮುಟ್ಟಬೇಡಿ.

ಗೇರ್ ಕೇಸ್ ಇಳಿಸಿದ್ದು 2022ರ ಮಾರ್ಚಲ್ಲಿ, ಗಾಳಿ ಕಮ್ಮಿ ಇರೋ ದಿನ ನೋಡಿ, ಬೆಳಿಗ್ಗೆ ಆರಕ್ಕೆ. ಚಕ್ರಾನ ಮೊದ್ಲು ಚೈನಲ್ಲಿ ಟವರಿಗೆ ಕಟ್ಟಿದ್ವಿ, ಹತ್ತೋರೆಲ್ಲ ಬೆಲ್ಟ್ ಹಾಕ್ಲೇಬೇಕು ಅಂತ ಮೊದ್ಲೇ ಹೇಳಿದ್ದೆ, ಯಾಕಂದ್ರೆ ಒಂದು ಸಣ್ಣ ಗಾಳಿ ಬಂದು ಅರ್ಧ ಸುತ್ತು ತಿರುಗಿದ್ರೂ ಕೈ ಹೋಗುತ್ತೆ. ಟವರ್ ನೆತ್ತಿ ಮೇಲೆ ಒಂದು ಪೈಪ್ ಕಟ್ಟಿ ಚೈನ್ ಪುಲ್ಲಿ ಹಾಕಿ, ಮೊದ್ಲು ರೆಕ್ಕೆ, ಆಮೇಲೆ ಗೇರು. ಮುಚ್ಚಳ ತೆಗೆದಾಗ ಎಣ್ಣೆ ಕರೀ ಹಲ್ವಾ ಥರ ಗಟ್ಟಿಯಾಗಿತ್ತು, ಚಾಕುವಲ್ಲಿ ಕೊಯ್ದು ತೆಗೆದ್ವಿ, ಆದ್ರೆ ಅದೇ ಎಣ್ಣೆ ಗೇರನ್ನ ಕಾಪಾಡಿತ್ತು, ಒಳಗೆ ತುಕ್ಕಿನ ಸುಳಿವೂ ಇಲ್ಲ. ಎರಡು ಸಣ್ಣ ಗೇರು, ಎರಡು ದೊಡ್ಡ ಗೇರು, ಜೋಡಿ ಜೋಡಿಯಾಗಿ, ಚಕ್ರ ಮೂರು ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗಿದ್ರೆ ರಾಡು ಒಂದು ಸಲ ಮೇಲೆ ಕೆಳಗೆ. ಹಗುರ ಗಾಳಿಗೂ ಭಾರ ಎತ್ತೋ ಗುಟ್ಟು ಅದೇ, ರೆಕ್ಕೆ ಅಷ್ಟೊಂದು ಇರೋದೂ ಅದಕ್ಕೇನೇ, ನಿಂತಲ್ಲಿಂದ ಹೊರಡೋಕೆ ಬಲ ಬೇಕು.

ಬೇರಿಂಗ್ ಮಾತ್ರ ಸವೆದು ಶಾಫ್ಟು ಅಲ್ಲಾಡ್ತಿತ್ತು. ಇದು ಬಾಲ್ ಬೇರಿಂಗ್ ಅಲ್ಲ, ವೈಟ್ ಮೆಟಲ್ ಬುಷ್, ಅಂದ್ರೆ ಬೇಗ ಕರಗೋ ಮೆತ್ತನೆ ಲೋಹ ಹುಯ್ದು ಮಾಡೋ ಬಳೆ, ಅದ್ರೊಳಗೆ ಶಾಫ್ಟು ತಿರುಗುತ್ತೆ. ದಾವಣಗೆರೇಲಿ ಹಳೇ ಆಯಿಲ್ ಇಂಜಿನ್ ರಿಪೇರಿ ಮಾಡ್ತಿದ್ದ ಒಬ್ಬ ಮೇಸ್ತ್ರಿ ಸಿಕ್ಕಿದ್ರು, ಎಪ್ಪತ್ತು ದಾಟಿದ್ರು, ಕೆಲ್ಸ ಬಿಟ್ಟು ಹತ್ತು ವರ್ಷ ಆಗಿತ್ತು, ನಾನು ಬುಷ್ ತಗೊಂಡು ಹೋಗಿ ಕೈಗಿಟ್ಟ ತಕ್ಷಣ ಮಗಳಿಗೆ "ಅಟ್ಟದ್ಮೇಲೆ ಹಿತ್ತಾಳೆ ಸೌಟೈತೆ ತಗಾ" ಅಂದ್ರು. ಮೆಟಲ್ ಕರಗಿಸಿ, ಒಂದು ಬಿದಿರು ಕಡ್ಡಿ ಅದ್ದಿ ತೆಗೆದ್ರು. "ಕಡ್ಡಿ ಕರ್ರಗಾಗ್ಬೇಕು ಕಣಪ್ಪಾ, ಹತ್ತಿ ಉರೀಬಾರ್ದು, ಉರಿದ್ರೆ ಕಾವು ಜಾಸ್ತಿ ಅಂತ." ಮೂರ್ನೇ ಸಲಕ್ಕೆ ಕಡ್ಡಿ ಸರಿಯಾಗಿ ಕಪ್ಪಾಯ್ತು. ಬುಷ್ಷಿನ ಅಚ್ಚನ್ನೂ ಮೊದ್ಲೇ ಬಿಸಿ ಮಾಡಿ ಇಟ್ಟಿದ್ರು, ತಣ್ಣಗಿದ್ರೆ ಮೆಟಲ್ ಹಿಡ್ಕೊಳ್ಳಲ್ಲ. ಒಂದೇ ಧಾರೇಲಿ ಕೈ ನಡುಗದೆ ಹುಯ್ದ್ರು. ಮಾರನೇ ದಿನ ಅದನ್ನ ಲೇತಿಗೆ ಹಾಕಿ, ಆಮೇಲೆ ಶಾಫ್ಟಿಗೆ ನೀಲಿ ಹಚ್ಚಿ ತಿರುಗಿಸಿ ಎಲ್ಲಿ ಮುಟ್ಟುತ್ತೋ ಅಲ್ಲಿ ಕೆರೆದು ಕೂರಿಸಿದ್ವಿ. ಹೆರಿಟೇಜ್ ಅಂದ್ರೆ ಬರೀ ವಸ್ತು ಅಲ್ಲ, ಆ ಸೌಟು ಹಿಡಿಯೋ ಕೈಯೂ ಸೇರುತ್ತೆ, ಅದಕ್ಕೇ ಆ ಇಡೀ ಕೆಲ್ಸ ವಿಡಿಯೋ ಮಾಡಿ ಇಟ್ಟಿದೀನಿ.

ಗೇರಿನ ಕೆಳಗೆ ರಾಡು ಮರದ್ದು. ಕಬ್ಬಿಣ ಬಿಟ್ಟು ಮರ ಯಾಕೆ ಅಂತ ಮೊದ್ಲು ನನಗೂ ಅನ್ಸಿತ್ತು. ಪಂಪು ಎಲ್ಲಾದ್ರೂ ಕಚ್ಕೊಂಡ್ರೆ ಮೊದ್ಲು ಮುರಿಯೋದು ಆ ಮರ, ಗೇರು ಉಳ್ಕೊಳುತ್ತೆ, ಕರೆಂಟಿಗೆ ಫ್ಯೂಸ್ ಇದ್ದ ಹಾಗೆ. ನಮ್ಮ ರಾಡಲ್ಲಿ ಮೂರು ಥರದ ಮರ ಇತ್ತು, ಮೇಲ್ಗಡೆ ಪರದೇಶದ್ದು, ಮಧ್ಯ ತೇಗ, ಕೆಳಗಡೆ ಯಾವ್ದೋ ಕಾಡು ಮರ, ಅಂದ್ರೆ ಎರಡು ಸಲ ಮುರಿದು ಎರಡು ಸಲ ಇಲ್ಲೇ ಯಾರೋ ಬಡಗಿ ಜೋಡಿಸಿದಾನೆ. ಹೊಸದಾಗಿ ತೇಗದ್ದೇ ಮಾಡ್ಸಿದೆ, ಹಳೇದಕ್ಕೆ ಚೀಟಿ ಕಟ್ಟಿ ಕೊಟ್ಟಿಗೇಲಿ ಇಟ್ಟಿದೀನಿ. ಪಂಪಿನ ಪಿಸ್ಟನ್ ಬಕೆಟ್ ವಾಷರು ಚರ್ಮದ್ದು. ಅಂಗಡೀಲಿ ಸಿಗೋ ರಬ್ಬರ್ ವಾಷರ್ ಈ ಎರಡೂವರೆ ಇಂಚಿನ ಹಿತ್ತಾಳೆ ಸಿಲಿಂಡರಿಗೆ ಸರಿ ಕೂರಲ್ಲ, ಚಪ್ಪಲಿ ಹೊಲಿಯೋರ ಹತ್ರ ದಪ್ಪ ಎತ್ತಿನ ಚರ್ಮ ತಗೊಂಡು, ನೀರಲ್ಲಿ ರಾತ್ರಿ ನೆನೆಸಿ, ಲೇತಲ್ಲಿ ಮಾಡ್ಸಿದ ಮರದ ಅಚ್ಚಲ್ಲಿ ಬಟ್ಟಲ ಥರ ಒತ್ತಿ ಒಣಗಿಸಿ, ಹರಳೆಣ್ಣೆ ಕುಡಿಸಿದ್ವಿ. ರಾಡು ಪೈಪಿನೊಳಗೆ ಹೋಗೋ ಜಾಗಕ್ಕಿಂತ ಟ್ಯಾಂಕು ಮೇಲಿರೋದ್ರಿಂದ ಅಲ್ಲಿ ಗ್ಲ್ಯಾಂಡ್, ಅಂದ್ರೆ ರಾಡಿನ ಸುತ್ತ ನೀರು ಸೋರದ ಹಾಗೆ ಮುಚ್ಚೋ ಬಿಗಿ, ಬೇಕು, ಇಲ್ಲಾಂದ್ರೆ ನೀರು ಮೇಲೆ ಏರದೆ ಅಲ್ಲೇ ಕಾರಂಜಿ. ಅದಕ್ಕೆ ಗ್ಲ್ಯಾಂಡ್ ಡೋರಿ ಸುತ್ತಿ ನಟ್ಟು ಕೈಯಲ್ಲಿ ಬಿಗಿ ಮಾಡಿದ್ರೆ ಸಾಕು, ಸ್ಪ್ಯಾನರ್ ಹಾಕಿದ್ರೆ ರಾಡು ಹಿಡ್ಕೊಳುತ್ತೆ.

ಹದಿನೆಂಟು ರೆಕ್ಕೆಯಲ್ಲಿ ಐದು ಹೋಗಿದ್ವು. ಎಲ್ಲಾ ಹೊಸದೇ ಹಾಕಿ ಒಂದೇ ಥರ ಕಾಣುತ್ತೆ ಅಂದ್ರು ಫ್ಯಾಬ್ರಿಕೇಶನ್‌ನವ್ರು. ಹದಿಮೂರು ಹಳೇದು ಉಳಿಸ್ಕೊಂಡು ಐದು ಮಾತ್ರ ಜಿಐ ಶೀಟಲ್ಲಿ ಮಾಡ್ಸಿದೆ, ಹಿಂದುಗಡೆ 2022 ಅಂತ ಪಂಚ್ ಹೊಡೆಸಿದೀನಿ, ನಾಳೆ ನೋಡೋರಿಗೆ ಯಾವ್ದು ಹಳೇದು ಯಾವ್ದು ಹೊಸದು ಗೊತ್ತಾಗ್ಲಿ. ಆಸ್ಟ್ರೇಲಿಯಾದವ್ರು 1979ರಲ್ಲಿ ಮಾಡ್ಕೊಂಡ ಬುರ್ರಾ ಚಾರ್ಟರ್ ಅಂತ ಒಂದಿದೆ, ಸಂರಕ್ಷಣೆ ಕೆಲ್ಸದವ್ರೆಲ್ಲ ನೆಚ್ಕೊಳ್ಳೋದು, ಎಷ್ಟು ಬೇಕೋ ಅಷ್ಟು ಮಾಡು, ಆದಷ್ಟು ಕಮ್ಮಿ ಮಾಡು ಅನ್ನೋದು ಅದ್ರ ಸಾರ. ಇಡೀ ಕೆಲ್ಸದಲ್ಲಿ ನನಗೆ ದಾರಿ ತೋರ್ಸಿದ್ದು ಅದೇ. ಬಂಗ್ಲೆ ಗೋಡೆಗೂ ಅದೇ ನಿಯಮ: ತೊಂಬತ್ತರ ದಶಕದಲ್ಲಿ ಯಾರೋ ಬಚ್ಚಲ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಳಿದಿದ್ರು, ಒಳಗಿನ ತೇವ ಹೊರಗೆ ಬರೋಕಾಗ್ದೆ ಇಟ್ಟಿಗೆ ಪುಡಿ ಉದುರ್ತಿತ್ತು. ಸಿಮೆಂಟ್ ಕೆತ್ತಿ ತೆಗೆದು, ಸುಣ್ಣ ಕೊಳೆಹಾಕಿ, ಬೆಲ್ಲ ಅಳಲೆಕಾಯಿ ನೀರು ಸೇರಿಸಿ ಗಾರೆ ಮಾಡಿದ್ವಿ. ಅದ್ರ ಬಗ್ಗೆ ಗೊತ್ತಿರೋರು ತುಂಬಾ ಜನ ಬರೆದಿದಾರೆ, ನಾನು ಮತ್ತೆ ಹೇಳಲ್ಲ.

ಪೈಪ್ ಹಿಡಿದು ಹೋಗಿದ್ನಲ್ಲ, ಅದ್ರಲ್ಲಿ ಒಂದು ಪೈಪು ಎಲ್ಲಿಗೆ ಅಂತ ಎಷ್ಟು ದಿನ ಆದ್ರೂ ಗೊತ್ತಾಗ್ಲಿಲ್ಲ, ಬಾನಿ ಪಕ್ಕದಿಂದ ಕಾಂಪೌಂಡ್ ಗೋಡೆ ತೂರಿ ಆಚೆ ಹೋಗಿತ್ತು, ಆಚೆ ಬರೀ ಜಾಲಿ ಗಿಡ. ಮನೇಲಿ ಕೇಳಿದ್ರೆ ಯಾರಿಗೂ ನೆನಪಿಲ್ಲ. ಆಮೇಲೆ ನಮ್ಮನೇಲಿ ಚಿಕ್ಕ ವಯಸ್ಸಲ್ಲಿ ಕೆಲ್ಸಕ್ಕಿದ್ದ ಒಬ್ರು ಅಜ್ಜಿ ಹತ್ರ ಹೋದೆ, ಎಂಬತ್ತೈದು ದಾಟಿದೆ ಅವ್ರಿಗೆ. ಪೈಪಿನ ಫೋಟೋ ತೋರಿಸಿದೆ, ಕಣ್ಣು ಕಾಣಲ್ಲ ಅಂದ್ರು, ಜಾಗ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು ಹೇಳಿದ್ರು: "ಯಪ್ಪಾ, ಬಾವಿ ಕಟ್ಟೆ ನಾವು ಮುಟ್ಟಂಗಿರ್ಲಿಲ್ಲ. ಆ ನಲ್ಲಿ ನಮ್ದು. ಫ್ಯಾನ್ ತಿರುಗಿದ್ರೆ ನೀರು, ನಿಂತ್ರೆ ಅರ್ಧ ಮೈಲಿ ಹಳ್ಳಕ್ಕೋಗ್ಬೇಕು. ರಾತ್ರಿ ಮಲ್ಗಿದಾಗ ಅದ್ರ ಕಿರ್ ಕಿರ್ ಸದ್ದು ಕೇಳಿಸ್ತಾ ಐತಾ ಅಂತ ಕಿವಿ ಕೊಡ್ತಿದ್ವಿ."

ನಾವು ಚಿಕ್ಕೋರಿದ್ದಾಗ ಆ ಸದ್ದು ನಿದ್ದೆ ಕೆಡಿಸುತ್ತೆ ಅಂತ ನಮ್ಮಜ್ಜಿ ಬೈಕೊಳ್ತಿದ್ರು ಅಂತ ನಮ್ಮಮ್ಮ ಹೇಳ್ತಿದ್ರು. ಅದೇ ಸದ್ದು ಗೋಡೆ ಆಚೆ ಇದ್ದೋರಿಗೆ ನಾಳೆ ನೀರು. ನಾನು ಈ ಮನೆ ಯಾಕೆ ಉಳೀಬೇಕು ಅಂತ ಬರೆದ ಪುಟದಲ್ಲಿ ಆ ಕೆಲ್ಸಕ್ಕಿದ್ದ ಅಜ್ಜಿ ಮಾತನ್ನ ಹೆಸ್ರಿಲ್ದೆ ಹಂಗೇ ಹಾಕಿದೆ, ಅವ್ರನ್ನ ಕೇಳಿಯೇ ಹಾಕಿದ್ದು. ಮನೇಲಿ ದೊಡ್ಡ ಜಗಳ ಆಯ್ತು. ಅತ್ತೆ "ಮನೆ ಮರ್ಯಾದೆ ತೆಗೀತಿದೀಯ" ಅಂದ್ರು, ದೊಡ್ಡಪ್ಪ "ನಲ್ಲಿ ಕೊಟ್ಟಿದ್ದು ಉಪಕಾರ ಅಂತ ಬರಿ" ಅಂದ್ರು. ಎರಡೂ ನನಗೆ ಸರಿ ಕಾಣ್ಲಿಲ್ಲ. ಗೋಡೆ ತೂರಿರೋ ಆ ಮುಕ್ಕಾಲಿಂಚು ಪೈಪು ಉಪಕಾರಾನೂ ಹೇಳುತ್ತೆ, ಬಾವಿ ಮುಟ್ಟಬಾರ್ದಿತ್ತು ಅನ್ನೋದನ್ನೂ ಹೇಳುತ್ತೆ, ಒಂದನ್ನ ಇಟ್ಕೊಂಡು ಇನ್ನೊಂದನ್ನ ಒರೆಸಿದ್ರೆ ಬಾಲದ ಅಕ್ಷರ ಒರೆಸಿದ ಹಾಗೇ. ಪುಟ ಬದಲಾಯಿಸ್ಲಿಲ್ಲ.

ಆ ಪುಟ ಹಿಡ್ಕೊಂಡು ಕಚೇರಿಗೂ ಅಲೆದೆ. ಕಾನೂನು ಪ್ರಕಾರ ಸಂರಕ್ಷಿತ ಸ್ಮಾರಕ ಅನ್ನಿಸ್ಕೊಳ್ಳೋಕೆ ನೂರು ವರ್ಷ ಆಗಿರ್ಬೇಕು, 1936ರದ್ದು ಅಂತ ನಾನೇ ಸಾಕ್ಷಿ ಸಮೇತ ತೋರಿಸ್ಕೊಂಡು ಹೋಗಿದ್ದೆ. "ರಾಜರು ಯಾರಾದ್ರೂ ಉಳ್ಕೊಂಡಿದ್ರಾ, ಗಾಂಧಿ ಬಂದಿದ್ರಾ" ಅಂತ ಕೇಳಿದ್ರು, ಇಲ್ಲ ಅಂದೆ, ಫೈಲು ಅಲ್ಲೇ ನಿಂತಿದೆ. ಹಂಗಂತ ಕೈ ಕಟ್ಟಿ ಕೂರೋಕೆ ಆಗಲ್ಲ. ನಮ್ಮಂಥ ಸಾಮಾನ್ಯ ಮನೆಗಳಿಗೆ ನಿಜವಾದ ಅಪಾಯ ಬರೋದು ಆಸ್ತಿ ಭಾಗ ಆಗೋ ದಿನ. ಬಾವಿ ಒಬ್ರಿಗೆ, ಬಚ್ಚಲು ಇನ್ನೊಬ್ರಿಗೆ, ಮಧ್ಯ ಗೋಡೆ. ನಾನು ದೊಡ್ಡಪ್ಪ ಚಿಕ್ಕಪ್ಪ ಇಬ್ರನ್ನೂ ಕೂರಿಸಿ ಪೈಪಿನ ನಕ್ಷೆ ತೋರಿಸಿದೆ, ರಸ್ತೆ ಕಡೆ ಬೆಲೆ ಬಾಳೋ ಜಾಗ ನನಗೆ ಬೇಡ, ಬಂಗ್ಲೆ, ಬಾವಿ, ಗಾಳಿ ಯಂತ್ರ, ಟ್ಯಾಂಕು ನಾಲ್ಕೂ ಇರೋ ಹಿಂದಿನ ಭಾಗ ಒಂದೇ ಪಾಲಲ್ಲಿ ಇರ್ಲಿ ಅಂದೆ. ವಿಭಾಗ ಪತ್ರದಲ್ಲಿ ಆ ನಾಲ್ಕನ್ನೂ ಒಂದೇ ಷೆಡ್ಯೂಲಲ್ಲಿ ಬರೆಸಿ, ಬೇರೆ ಬೇರೆ ಮಾರಬಾರ್ದು ಅಂತ ಎಲ್ರೂ ಒಪ್ಪಿ 2023ರಲ್ಲಿ ರಿಜಿಸ್ಟರ್ ಮಾಡ್ಸಿದ್ವಿ. ನಾಳೆ ನಮ್ಮ ಮಕ್ಳು ಮನಸ್ಸು ಬದಲಾಯಿಸಿದ್ರೆ ಆ ಷರತ್ತು ಎಷ್ಟು ಹಿಡಿಯುತ್ತೋ ವಕೀಲರೂ ಗ್ಯಾರಂಟಿ ಕೊಡ್ಲಿಲ್ಲ, ಆದ್ರೂ ಬರೆದಿಟ್ಟಿದ್ದಕ್ಕೆ ಒಂದು ತೂಕ ಇದೆ.

ಬಾವಿ ಒಣಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಎಲ್ಲ ರಿಪೇರಿ ಮಾಡಿ ನೀರೇ ಇಲ್ಲಾಂದ್ರೆ ಏನು ಅನ್ನೋ ಭಯ ಇದ್ದೇ ಇತ್ತು. 2022ರಲ್ಲಿ ಆ ಮಳೆ ಬಂತಲ್ಲ, 1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ (ಮಾರಿಕಣಿವೆ ಅಂದ್ನಲ್ಲ, ಅದೇ) ಎಂಬತ್ತೊಂಬತ್ತು ವರ್ಷ ಆದ್ಮೇಲೆ ಸೆಪ್ಟೆಂಬರಲ್ಲಿ ಮತ್ತೆ ಕೋಡಿ ಬಿತ್ತು, ಊರಿಗೂರೇ ನೋಡೋಕೆ ಹೋಗಿತ್ತು. ನಾನು ನಮ್ಮ ಬಾವಿಗೆ ಹಗ್ಗ ಇಳಿಬಿಟ್ಟು ನೋಡ್ತಾ ಕೂತಿದ್ದೆ. ಐವತ್ತಡಿ ಬಾವೀಲಿ ಮೂವತ್ತೆಂಟಡಿಗೆ ನೀರು ಸಿಕ್ತು.

ಫ್ಯಾನ್ ಬಿಟ್ಟಿದ್ದು 2023ರ ಆಷಾಢದಲ್ಲಿ. ಬಾಲ ಮಡಚಿ ಹಿಡಿದಿದ್ದ ತಂತೀನ ಕೆಳಗಡೆ ಸಡ್ಲ ಮಾಡ್ದೆ, ಬಾಲ ಬಿಚ್ಕೊಂಡು ಗಾಳಿಗೆ ಮುಖ ತಿರುಗಿಸ್ತು, ಚಕ್ರ ಮೊದ್ಲು ಯೋಚ್ನೆ ಮಾಡೋ ಥರ ಒಂದು ಸುತ್ತು, ಆಮೇಲೆ ಹಿಡ್ಕೊಳ್ತು. ಚರ್ಮ ನೆನೆಯೋವರೆಗೂ ಹತ್ತು ನಿಮಿಷ ಬರೀ ಗಾಳಿ ಉಗುಳ್ತಿತ್ತು. ಆಮೇಲೆ ಟ್ಯಾಂಕಿನ ಬಾಯಲ್ಲಿ ಕೆಂಪು ನೀರು, ಅರ್ಧ ಗಂಟೆ ಆದ್ಮೇಲೆ ತಿಳಿ ನೀರು. ಹದಿನೈದು ಲೀಟರ್ ಬಕೆಟ್ ಹಿಡಿದು ಟೈಮ್ ನೋಡಿದೆ, 50 ಸೆಕೆಂಡು, ಒಳ್ಳೆ ಗಾಳೀಲಿ. ಗಂಟೆಗೆ ಸಾವಿರ ಲೀಟರ್ ಮೇಲೆ. ಬಾವಿ ನೀರಿಂದ ಟ್ಯಾಂಕಿನವರೆಗೂ ಅರವತ್ತಡಿ ಎತ್ತರ, ಲೆಕ್ಕ ಹಾಕಿದ್ರೆ ಈ ಕೆಲ್ಸಕ್ಕೆ ಬೇಕಾಗಿರೋದು ಸುಮಾರು 50 ವ್ಯಾಟ್ ಶಕ್ತಿ ಅಷ್ಟೇ, ಹಳೇ ಗುಂಡು ಬಲ್ಬಿನಷ್ಟೂ ಇಲ್ಲ. ನಾನು ಜೀವಮಾನವೆಲ್ಲ ಐದು ಎಚ್‌ಪಿ ಏಳೂವರೆ ಎಚ್‌ಪಿ ಮೋಟ್ರು ಇಳ್ಸಿದವ್ನು, ಆ ಬಕೆಟ್ ಹಿಡ್ಕೊಂಡು ಟ್ಯಾಂಕಿನ ಪಕ್ಕ ತುಂಬಾ ಹೊತ್ತು ನಿಂತಿದ್ದೆ. ದೊಡ್ಡಪ್ಪ ಕೆಳಗಿಂದ "ಏನಾಯ್ತೋ, ಬರ್ತಾ ಐತೇನೋ" ಅಂತ ಕೂಗ್ತಾನೇ ಇದ್ರು. ಆಮೇಲೆ ಬಚ್ಚಲಿಗೆ ಹೋಗಿ ಹಂಡೆ ಮೇಲಿನ ನಲ್ಲಿ ತಾವೇ ತಿರುಗಿಸಿದ್ರು.

ವರ್ಷಪೂರ್ತಿ ಓಡ್ಸಲ್ಲ. ಆಷಾಢ ಶ್ರಾವಣ ಎರಡು ತಿಂಗ್ಳು ಮಾತ್ರ, ಮಿಕ್ಕ ಟೈಮ್ ತಂತಿ ಎಳೆದು ಬಾಲ ಮಡಚಿ ಕಟ್ಟಿರ್ತೀನಿ. ಸುಮ್ನೆ ನಿಲ್ಸಿದ್ರೆ ಬೇರಿಂಗ್ ಕಚ್ಕೊಳುತ್ತೆ, ಸದಾ ಓಡ್ಸಿದ್ರೆ ಹಳೇ ಗೇರು ಸವೆಯುತ್ತೆ, ಎರಡರ ಮಧ್ಯೆ ಇದು ನನಗೆ ಸರಿ ಅನ್ಸಿದ ದಾರಿ, ಬೇರೆಯವ್ರು ಬೇರೆ ಹೇಳ್ಬೋದು. ಜೋರು ಗಾಳಿಗೆ ಚಕ್ರ ತಾನೇ ಪಕ್ಕಕ್ಕೆ ತಿರುಗಿ ಬಾಲಕ್ಕೆ ಒರಗುತ್ತೆ, ಚಕ್ರದ ಅಚ್ಚು ಟವರಿನ ನಡುವಿಂದ ಸ್ವಲ್ಪ ಪಕ್ಕಕ್ಕೆ ಇಟ್ಟಿರೋದೇ ಅದಕ್ಕೆ, ಆದ್ರೂ ಆ ಬಾಲದ ಸ್ಪ್ರಿಂಗು ಹಳೇದು, ಅದ್ರ ಮೇಲೆ ಪೂರ್ತಿ ನಂಬಿಕೆ ಇಡಲ್ಲ, ಮೋಡ ಕಪ್ಪಾದ್ರೆ ನಾನೇ ಹೋಗಿ ಕಟ್ತೀನಿ. ವರ್ಷಕ್ಕೊಂದು ಸಲ ಯುಗಾದಿ ಆದ್ಮೇಲೆ ಎಣ್ಣೆ ಬದಲಾಯಿಸೋದು. ಗೋಡೆ ಆಚೆ ಪೈಪಿಗೆ ಜಾಲಿ ಕಡಿದು ಹೊಸ ನಲ್ಲಿ ಹಾಕಿದೀನಿ, ಕುರಿ ಕಾಯೋರು ಬಂದು ಬಾಟ್ಲಿ ತುಂಬಿಸ್ಕೊಳ್ತಾರೆ.

ಬಾಕಿ ಇರೋ ಕೆಲ್ಸ ಟ್ಯಾಂಕಿನದು, ಮೂಲೇಲಿ ನಾಲ್ಕು ರಿವೆಟ್ ಸೋರುತ್ತೆ. ವೆಲ್ಡ್ ಮಾಡಿಬಿಡಿ ಅಂತಾರೆ ಎಲ್ರೂ, ನನಗೆ ಇಷ್ಟ ಇಲ್ಲ, ಬಿಸಿ ರಿವೆಟ್ ಹೊಡೆಯೋರನ್ನ ಹುಡುಕ್ತಿದೀನಿ. ಇನ್ನೊಂದು ವಿಷ್ಯ, ನಿಮ್ಮೂರಲ್ಲಿ ಯಾವ್ದಾದ್ರೂ ಹಳೇ ಬಂಗ್ಲೆ, ಎಸ್ಟೇಟು, ಮಿಷನ್ ಆಸ್ಪತ್ರೆ ಹಿಂದೆ ಇಂಥ ಗಾಳಿ ಚಕ್ರ ಇದ್ರೆ, ಇಲ್ಲಾ ಮನೆ ಆಲ್ಬಮ್ಮಲ್ಲಿ ಮದುವೆ ಫೋಟೋ ಹಿಂದುಗಡೆ ಎಲ್ಲಾದ್ರೂ ನಿಂತಿದ್ರೆ, ಬಾಲದ ಮೇಲಿನ ಎರಡನೇ ಸಾಲು ಓದೋ ಹಾಗಿದ್ಯಾ ಅಂತ ಒಂದ್ಸಲ ನೋಡಿ ಹೇಳಿ. ನಾನು ಅಳಿಸಿದ್ದು ಆ ಸಾಲೇ.